ಮಧುಮೇಹವೂ ದವಡೆಯ ಎಲುಬೂ

ಮಧುಮೇಹವು ಕಣ್ಣು, ಮೂತ್ರಪಿಂಡ, ನರ ಮತ್ತು ರಕ್ತನಾಳಗಳಿಗೆ ಹಾನಿಯನ್ನುಂಟುಮಾಡುವುದೆಂಬುದು ಸರ್ವವಿದಿತವಾದ ಸಂಗತಿ. ಹಲ್ಲುಗಳನ್ನು ಹಿಡಿದಿರುವ ದವಡೆಯ ಎಲುಬನ್ನೂ ಅದು ಸವೆಸಬಲ್ಲುದೆಂಬುದು ಮಾತ್ರ ಅಷ್ಟಾಗಿ ಜನರ ಗಮನಕ್ಕೆ ಬಂದಿಲ್ಲ. 1993ರಲ್ಲಿ ದಂತವಿಜ್ಞಾನಿ ಹಾರಾಲ್ಡ್ ಲೋ ಅವರು ಹಲ್ಲಿನ ಆಧಾರಾಂಗಗಳ ರೋಗವನ್ನು ಮಧುಮೇಹದ ಆರನೆಯ ಉಪದ್ರವವೆಂದು ಕರೆದರು. ಈ ಮಾತಿನ ಆಧಾರವೇನು, ಎಲುಬು ಸವೆಯುವ ಕ್ರಮವೆಂತಹುದು ಎಂಬುದನ್ನು ನಾವಿಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇವೆ.

ಎಲುಬು ಸಜೀವವಾದ ಅಂಗಾಂಶ. ಅದರಲ್ಲಿ ಅಸ್ಥಿಭಕ್ಷಕ ಕೋಶಗಳು ಹಳೆಯದನ್ನು ಕರಗಿಸುತ್ತಲೂ ಅಸ್ಥಿಜನಕ ಕೋಶಗಳು ಹೊಸದನ್ನು ಕಟ್ಟುತ್ತಲೂ ಇರುತ್ತವೆ. ಈ ಎರಡು ಕಾರ್ಯಗಳು ಸರಿತೂಗಿರುವವರೆಗೆ ಎಲುಬು ದೃಢವಾಗಿರುತ್ತದೆ. ದವಡೆಯಲ್ಲಿ ಹಲ್ಲಿನ ಬೇರುಗಳು ನೆಟ್ಟಿರುವ ಕುಳಿಗಳ ಸುತ್ತಣ ಭಾಗವನ್ನು ದಂತಧಾರಕ ಅಸ್ಥಿಯೆನ್ನಬಹುದು. ಅದು ಹಲ್ಲಿಗಾಗಿಯೇ ಇರುವ ಎಲುಬು. ಹಲ್ಲು ಹೋದ ಮೇಲೆ ತಾನೂ ಕುಗ್ಗುತ್ತದೆ. ಬಾಯಿಯ ಬ್ಯಾಕ್ಟೀರಿಯಾಗಳಿಗೂ ಅದರ ಅಂಚಿಗೂ ನಡುವೆ ವಸಡಿನ ತೆಳುವಾದ ತಡೆಯೊಂದೇ ಇರುವುದರಿಂದ, ವಸಡಿನ ಉರಿಯೂತವು ಆಳಕ್ಕಿಳಿದರೆ ಎಲುಬಿಗೆ ನೇರವಾಗಿ ತಗಲುತ್ತದೆ.

ಅಮೆರಿಕದ ಆರಿಜೋನಾದಲ್ಲಿ ವಾಸಿಸುವ ಪೀಮಾ ಜನರಲ್ಲಿ ಎರಡನೆಯ ಬಗೆಯ ಮಧುಮೇಹವು ಅತಿಯಾಗಿ ಕಂಡುಬರುತ್ತದೆ. ಅವರನ್ನು ಕುರಿತು 1991ರಲ್ಲಿ ಪ್ರಕಟವಾದ ಅಧ್ಯಯನವೊಂದು, ವಯಸ್ಸು ಮುಂತಾದ ಇತರ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಮಧುಮೇಹಿಗಳಲ್ಲಿ ಈ ರೋಗದ ಸಂಭವವು ಸುಮಾರು ಮೂರು ಪಟ್ಟು ಹೆಚ್ಚೆಂದು ತೋರಿಸಿತು.

ಇದಕ್ಕೆ ಕಾರಣಗಳು ಹಲವು. ರಕ್ತದಲ್ಲಿ ಬಹುಕಾಲ ಮಿಗಿಲಾಗಿರುವ ಗ್ಲೂಕೋಸು ಪ್ರೋಟೀನುಗಳಿಗೆ ಅಂಟಿಕೊಂಡು ವಿಕೃತ ಸಂಯುಕ್ತಗಳನ್ನುಂಟುಮಾಡುತ್ತದೆ. ಎಲುಬಿನ ಹಂದರವಾದ ಕಾಲಜನ್ ಇದರಿಂದ ಪೆಡಸಾಗುತ್ತದೆ. ಇದೇ ಸಂಯುಕ್ತಗಳು ರಕ್ಷಕ ಕೋಶಗಳನ್ನು ಕೆರಳಿಸಿ ಉರಿಯೂತವನ್ನು ಹೆಚ್ಚಿಸುತ್ತವೆ. ಆಗ ಅಸ್ಥಿಭಕ್ಷಕ ಕೋಶಗಳು ಅಧಿಕ ಸಂಖ್ಯೆಯಲ್ಲಿ ಹುಟ್ಟುತ್ತವೆ. ಇಷ್ಟೇ ಆಗಿದ್ದರೆ ನಷ್ಟವನ್ನು ಸ್ವಲ್ಪಮಟ್ಟಿಗೆ ತುಂಬಿಕೊಳ್ಳಬಹುದಿತ್ತು. ಆದರೆ ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳು ಇನ್ನೊಂದು ಅಂಶವನ್ನು ಹೊರಗೆಡಹಿವೆ: ಮಧುಮೇಹದಲ್ಲಿ ಅಸ್ಥಿಜನಕ ಕೋಶಗಳು ಅಕಾಲದಲ್ಲಿ ಸಾಯುತ್ತವೆ, ಕರಗಿದ ಜಾಗದಲ್ಲಿ ಹೊಸ ಎಲುಬು ಕಟ್ಟುವ ಕೆಲಸ ಹಿಂದುಳಿಯುತ್ತದೆ. ಮಧುಮೇಹಿಯ ದವಡೆಯಲ್ಲಿ ಖರ್ಚು ಹೆಚ್ಚುವುದರೊಡನೆ ವರಮಾನವೂ ಇಳಿಯುತ್ತದೆಯೆಂದರೆ ವಿಷಯ ಸ್ಪಷ್ಟವಾದೀತು.

ಈ ಸಂಬಂಧ ಏಕಮುಖವಾದುದಲ್ಲ. ವಸಡಿನ ಉರಿಯೂತದಿಂದ ರಕ್ತಕ್ಕೆ ಸೇರುವ ದ್ರವ್ಯಗಳು ಇನ್ಸುಲಿನ್ನಿನ ಕಾರ್ಯಕ್ಕೆ ಅಡ್ಡಿಯಾಗುತ್ತವೆ. ಹಾಗಾದರೆ ವಸಡಿಗೆ ಚಿಕಿತ್ಸೆ ಮಾಡಿದಲ್ಲಿ ಸಕ್ಕರೆ ತಗ್ಗುವುದೇ? 2013ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗವೊಂದು ತಗ್ಗಲಿಲ್ಲವೆಂದು ವರದಿಮಾಡಿತು. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ 2022ರ ಕಾಕ್ರೇನ್ ವಿಮರ್ಶೆಯಾದರೋ, ಮೂರು ನಾಲ್ಕು ತಿಂಗಳಲ್ಲಿ ಗ್ಲೈಕೇಟೆಡ್ ಹಿಮೊಗ್ಲೋಬಿನ್ನಿನ ಪ್ರಮಾಣವು ಸರಾಸರಿ 0.43 ಶೇಕಡಾಂಶದಷ್ಟು ಇಳಿಯುವುದೆಂದು ಕಂಡಿತು. ಈ ಇಳಿಕೆ ಸಣ್ಣದಾದರೂ ಉಪೇಕ್ಷಣೀಯವಲ್ಲ. ಮಧುಮೇಹದ ಔಷಧಿಗೆ ಇದು ಬದಲಿಯೂ ಅಲ್ಲ.

ದವಡೆಯ ಎಲುಬು ಸಾಮಾನ್ಯವಾಗಿ ನೋವಿಲ್ಲದೆ ಸವೆಯುತ್ತದೆ. ವಸಡಿನಲ್ಲಿ ರಕ್ತ ಒಸರುವುದು ಮೊದಲ ಸೂಚನೆ. ಹಲ್ಲು ಅಲುಗಾಡುವ ವೇಳೆಗೆ ಬಹುಭಾಗ ನಷ್ಟವಾಗಿರುತ್ತದೆ. ಹೀಗೆ ಹೋದ ಎಲುಬನ್ನು ಪೂರ್ಣವಾಗಿ ಮರಳಿ ಪಡೆಯುವುದು ಕಷ್ಟ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಹಲ್ಲು ಕೀಳಿಸಿದ ಗಾಯವು ಮಾಯುವುದೂ, ಕೃತಕ ಹಲ್ಲಿಗಾಗಿ ನೆಟ್ಟ ಟೈಟಾನಿಯಂ ತಿರುಪು ಎಲುಬಿನೊಡನೆ ಬೆಸೆಯುವುದೂ ತಡವಾಗಬಹುದು. ಹತೋಟಿಯಲ್ಲಿರುವ ರೋಗಿಗಳಲ್ಲಿ ಇಂತಹ ಚಿಕಿತ್ಸೆಯು ಬಹುಮಟ್ಟಿಗೆ ಫಲಿಸುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ನಮ್ಮ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿಯೆಂದು ಅಂದಾಜುಮಾಡಿದೆ. ಇವರ ಕಣ್ಣು ಮತ್ತು ಪಾದಗಳನ್ನು ಪರೀಕ್ಷಿಸುವಂತೆಯೇ ವಸಡುಗಳನ್ನೂ ಕ್ರಮವಾಗಿ ಪರೀಕ್ಷಿಸುವುದು ಅವಶ್ಯಕ. ವೈದ್ಯರೂ ದಂತವೈದ್ಯರೂ ಒಬ್ಬ ರೋಗಿಯನ್ನು ಕೂಡಿ ನೋಡಿಕೊಳ್ಳಬೇಕಾದ ಕಾರಣ ಇದರಿಂದ ತಿಳಿದುಬರುತ್ತದೆ.