ಸ್ಕೋಪ್ ಮೊದಲಾ, ಗುಂಡು ಮೊದಲಾ?

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ದುಡ್ಡು ಸೇರಿಸಿ ಒಂದು ರೈಫಲ್ ಸ್ಕೋಪ್ ಕೊಂಡ್ವಿ. ಎರಡು ತಿಂಗಳ ಕ್ಯಾಂಟೀನ್ ದುಡ್ಡು ಅದಕ್ಕೇ ಹೋಯ್ತು. ನಮ್ಮಲ್ಲೊಬ್ಬ ಕೊಡಗಿನವನು. ಅವನ ಮನೆಯಲ್ಲಿದ್ದ 0.177 ಬೋರ್‌ನ ಸ್ಪ್ರಿಂಗ್ ಏರ್ ರೈಫಲ್ ಮೇಲೆ ಅದನ್ನು ಕೂರಿಸಿ, ಊರಾಚೆಯ ಒಂದು ಶೂಟಿಂಗ್ ರೇಂಜ್‌ಗೆ ಹೋಗಿ, 10 ಮೀಟರ್ ದೂರದ ಕಾಗದದ ಗುರಿಗೆ ಐದು ಪೆಲೆಟ್ ಹೊಡೆದ್ವಿ. ಐದೂ ಐದು ದಿಕ್ಕು. ತೀರಾ ದೂರ ಬಿದ್ದ ಎರಡು ತೂತುಗಳ ನಡುವೆ 28 ಮಿ.ಮೀ. ಅಂತರ. ಸ್ಕೋಪ್ ಇಲ್ಲದೆ ಹೊಡೆದಾಗಲೂ ಹೆಚ್ಚುಕಡಿಮೆ ಅಷ್ಟೇ ಇತ್ತು!

ಹಾಗಾದ್ರೆ ನಮ್ಮ ದುಡ್ಡು ಏನು ಕೆಲಸ ಮಾಡ್ತು? ಅದನ್ನು ಹುಡುಕುತ್ತಾ ಹೋದಾಗ ಕಲಿತದ್ದನ್ನ ಇಲ್ಲಿ ಬರೆದಿದ್ದೀವಿ. ಕೆಲವು ಪದಗಳಿಗೆ ನಮಗೆ ಕನ್ನಡ ಹೊಳೆಯಲಿಲ್ಲ, ಹಾಗೇ ಬಿಟ್ಟಿದ್ದೀವಿ. ಅಡ್ಜಸ್ಟ್ ಮಾಡ್ಕೊಳ್ಳಿ.

ಸರಾಸರಿ ಬೇರೆ, ಚದುರುವಿಕೆ ಬೇರೆ

ಎಂ-3ಯಲ್ಲಿ ಮೀನ್ ಮತ್ತು ಸ್ಟ್ಯಾಂಡರ್ಡ್ ಡೀವಿಯೇಷನ್ ಓದಿದ್ದು ನೆನಪಿದೆಯಾ? ಐದು ತೂತುಗಳ ನಡುಬಿಂದು ಎಲ್ಲಿದೆ ಅನ್ನೋದು ಮೀನ್. ಅವು ಎಷ್ಟು ಚದುರಿವೆ ಅನ್ನೋದು ಡೀವಿಯೇಷನ್. ಸ್ಕೋಪ್‌ನ ನಾಬ್ ತಿರುಗಿಸಿದ್ರೆ ಬದಲಾಗೋದು ಮೀನ್ ಮಾತ್ರ. ಇಡೀ ಗುಂಪು ಎಡಕ್ಕೋ ಬಲಕ್ಕೋ ಸರಿಯುತ್ತೆ, ಚಿಕ್ಕದಾಗಲ್ಲ. ಸ್ಕೋಪ್‌ನಿಂದ ಗುರಿ ಸ್ಪಷ್ಟವಾಗಿ ಕಾಣುತ್ತೆ, ಆದ್ದರಿಂದ ನಮ್ಮ ಕಣ್ಣಿನ ತಪ್ಪು ಕಡಿಮೆ ಆಗುತ್ತೆ, ನಿಜ. ಆದ್ರೆ ಬ್ಯಾರಲ್ ಬಿಟ್ಟು ಹೊರಟ ಮೇಲೆ ಗುಂಡು ಎಲ್ಲಿಗೆ ಹೋಗಬೇಕು ಅನ್ನೋದರಲ್ಲಿ ಸ್ಕೋಪ್‌ಗೆ ಮಾತೇ ಇಲ್ಲ.

ಇದು ಗೊತ್ತಿಲ್ಲದೆ ನಾವು ಮಾಡಿದ ದೊಡ್ಡ ತಪ್ಪು ಅಂದ್ರೆ ಪ್ರತಿ ಹೊಡೆತಕ್ಕೂ ನಾಬ್ ತಿರುಗಿಸಿದ್ದು. ಒಂದು ಎಡಕ್ಕೆ ಬಿತ್ತಾ, ಬಲಕ್ಕೆ ತಿರುಗಿಸು. ಮುಂದಿನದು ಮೇಲೆ ಹೋಯ್ತಾ, ಕೆಳಕ್ಕೆ ತಿರುಗಿಸು. ಕ್ವಾಲಿಟಿ ಕಂಟ್ರೋಲ್ ಓದುವವರಿಗೆ ಡೆಮಿಂಗ್ ಅವರ ಫನೆಲ್ ಪ್ರಯೋಗ ಗೊತ್ತಿರುತ್ತೆ: ಯಾದೃಚ್ಛಿಕ ತಪ್ಪನ್ನು ಪ್ರತಿ ಸಲ ಪೂರ್ತಿ ತಿದ್ದೋಕೆ ಹೋದ್ರೆ ವೇರಿಯನ್ಸ್ ಎರಡು ಪಟ್ಟಾಗುತ್ತೆ, ಅಂದ್ರೆ ಚದುರುವಿಕೆ ಸುಮಾರು 1.4 ಪಟ್ಟು. ನಾವು ದುಡ್ಡು ಕೊಟ್ಟು ನಮ್ಮ ಗುರಿಯನ್ನ ಇನ್ನಷ್ಟು ಕೆಡಿಸ್ಕೊಂಡ್ವಿ. ಸರಿಯಾದ ಕ್ರಮ ಇಷ್ಟೇ: ಐದು ಹೊಡೆತ ಮುಗಿಯೋವರೆಗೂ ನಾಬ್ ಮುಟ್ಟಬೇಡಿ. ಆಮೇಲೆ ಗುಂಪಿನ ನಡುಬಿಂದು ಹುಡುಕಿ, ಒಂದೇ ಸಲ ಸರಿಪಡಿಸಿ.

ಡಬ್ಬದ ಮೇಲಿನ 3-9×40

ನಮ್ಮ ಸ್ಕೋಪ್‌ನ ಡಬ್ಬದ ಮೇಲೆ ಹೀಗೇ ಬರೆದಿತ್ತು. 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುತ್ತೆ, ಮುಂದಿನ ಲೆನ್ಸ್‌ನ ವ್ಯಾಸ 40 ಮಿ.ಮೀ. ಅಂತ ಅರ್ಥ. 40ನ್ನು 9ರಿಂದ ಭಾಗಿಸಿದ್ರೆ 4.4. ನಮ್ಮ ಕಣ್ಣಿಗೆ ಬರೋ ಬೆಳಕಿನ ಕಂಬದ ದಪ್ಪ 4.4 ಮಿ.ಮೀ. ಹಗಲಿಗೆ ಇದು ಧಾರಾಳ.

ಇನ್ನೊಂದು ಅಂಕಿ ಎಂಒಎ, ಅಂದ್ರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. 100 ಮೀಟರ್‌ನಲ್ಲಿ ಅದು ಸುಮಾರು 29 ಮಿ.ಮೀ., 10 ಮೀಟರ್‌ನಲ್ಲಿ 2.9. ನಾಬ್‌ನ ಒಂದು ಕ್ಲಿಕ್ ಕಾಲು ಎಂಒಎ ಇದ್ರೆ 10 ಮೀಟರ್‌ನಲ್ಲಿ ಗುಂಪು ಸುಮಾರು 0.7 ಮಿ.ಮೀ. ಮಾತ್ರ ಸರಿಯುತ್ತೆ. ನಾಲ್ಕು ಕ್ಲಿಕ್ ತಿರುಗಿಸಿ "ಏನೂ ಆಗ್ತಿಲ್ವಲ್ಲೋ" ಅಂತ ನಾವು ಬೈದುಕೊಂಡದ್ದು ಈ ಲೆಕ್ಕ ಗೊತ್ತಿಲ್ಲದೆ.

ಡಬ್ಬದ ಮೇಲೆ ನಾವು ನೋಡದೆ ಬಿಟ್ಟದ್ದು ಪ್ಯಾರಲ್ಯಾಕ್ಸ್. ಗುರಿಯ ಬಿಂಬ ಮತ್ತು ಸ್ಕೋಪ್ ಒಳಗಿನ ಅಡ್ಡಗೆರೆ ಎರಡೂ ಒಂದೇ ಸಮತಲದಲ್ಲಿ ಇಲ್ಲದಿದ್ರೆ, ತಲೆ ಸ್ವಲ್ಪ ಅಲುಗಾಡಿದ್ರೂ ಗೆರೆ ಗುರಿಯ ಮೇಲೆ ಜಾರುತ್ತೆ. ಕಾಡತೂಸಿನ ರೈಫಲ್‌ಗೆ ಮಾಡಿದ ಎಷ್ಟೋ ಸ್ಕೋಪ್‌ಗಳನ್ನ 100 ಗಜಕ್ಕೆ ಹೊಂದಿಸಿಯೇ ಮಾರ್ತಾರೆ. ನಮ್ಮದೂ ಅದೇ. 10 ಮೀಟರ್‌ನಲ್ಲಿ 9 ಪಟ್ಟು ಇಟ್ಟಾಗ ಎಲ್ಲಾ ಮಸುಕು. ಏರ್ ರೈಫಲ್‌ಗಾದ್ರೆ 10 ಮೀಟರ್‌ವರೆಗೂ ಫೋಕಸ್ ಹೊಂದಿಸಬಹುದಾದ ಸ್ಕೋಪ್ ಬೇಕು. ಜೊತೆಗೆ ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಮುಂದಕ್ಕೂ ಎರಡೂ ಕಡೆ ಒದೆಯುತ್ತೆ. ಒಂದೇ ಕಡೆ ಒದೆತಕ್ಕೆ ಮಾಡಿದ ಸ್ಕೋಪ್ ಅದರ ಮೇಲೆ ಬೇಗ ಕೆಟ್ಟುಹೋಗಬಹುದು.

ಒಂದು ಚಿಕ್ಕ ಪ್ರಾಬ್ಲಂ ಕೊಡ್ತೀವಿ, ಮಾಡಿ ನೋಡಿ. ಸ್ಕೋಪ್ ಬ್ಯಾರಲ್‌ಗಿಂತ 40 ಮಿ.ಮೀ. ಮೇಲಿದೆ, ಪೆಲೆಟ್‌ನ ವೇಗ ಸೆಕೆಂಡಿಗೆ 175 ಮೀಟರ್. 10 ಮೀಟರ್‌ನಲ್ಲಿ ಅದು 16 ಮಿ.ಮೀ. ಬೀಳುತ್ತೆ. ಅಲ್ಲಿಗೆ ಸರಿಯಾಗಿ ಹೊಂದಿಸಿದ ರೈಫಲ್‌ನಲ್ಲಿ 5 ಮೀಟರ್‌ಗೆ ಹೊಡೆದ್ರೆ? ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದ್ರೆ 16 ಮಿ.ಮೀ. ಕೆಳಗೆ ಬೀಳುತ್ತೆ! ಹತ್ತಿರ ಇದ್ದಷ್ಟೂ ಸುಲಭ ಅನ್ನೋದು ಸುಳ್ಳು.

ಪೆಲೆಟ್ ಬದಲಾಯಿಸಿದ ದಿನ

ಮೂರನೇ ವಾರ ರೇಂಜ್‌ನ ಕೋಚ್ ನಮ್ಮ ಪೆಲೆಟ್ ಡಬ್ಬಿ ತೆಗೆದು ನೋಡಿದ್ರು. ಇದ್ದಿದ್ದರಲ್ಲಿ ಕಡಿಮೆ ರೇಟಿನದು. ಎಷ್ಟೋ ಪೆಲೆಟ್‌ಗಳ ಅಂಚು ಜಜ್ಜಿಹೋಗಿತ್ತು. "ಸ್ಕೋಪ್ ಬರೀ ನೋಡುತ್ತೆ ಕಣ್ರಪ್ಪಾ, ಹೋಗೋದು ಪೆಲೆಟ್ಟು" ಅಂದ್ರು. ರೈಫಲ್‌ನ ಮುಂಭಾಗವನ್ನು ಮೆತ್ತನೆಯ ಮರಳಚೀಲದ ಮೇಲೆ ಇರಿಸಿ, ಮೂರು ಬೇರೆ ಬೇರೆ ಡಬ್ಬಿಯಿಂದ ಐದೈದು ಹೊಡೆಸಿದ್ರು. ಒಂದರಲ್ಲಿ 24 ಮಿ.ಮೀ., ಇನ್ನೊಂದರಲ್ಲಿ 17, ಮತ್ತೊಂದರಲ್ಲಿ 11. ಅದೇ ರೈಫಲ್, ಅದೇ ಸ್ಕೋಪ್, ಅದೇ ಹುಡುಗ.

ಯಾಕೆ ಹೀಗೆ? ಏರ್ ರೈಫಲ್ ಪೆಲೆಟ್‌ಗೆ ತಲೆ ಗಟ್ಟಿ, ಸೊಂಟ ಸಣ್ಣ, ಹಿಂದೆ ಟೊಳ್ಳು ಲಂಗ. ಗಾಳಿಯ ಒತ್ತಡಕ್ಕೆ ಆ ಲಂಗ ಅರಳಿ ಬ್ಯಾರಲ್‌ಗೆ ಒತ್ತಿಕೊಳ್ಳುತ್ತೆ. ಅದು ಜಜ್ಜಿದ್ರೆ ಗಾಳಿ ಸೋರಿ ವೇಗ ಒಂದೊಂದು ಸಲ ಒಂದೊಂದು ಥರ. ತಲೆಯ ವ್ಯಾಸದಲ್ಲೂ 4.49, 4.50, 4.51 ಮಿ.ಮೀ. ಅಂತ ಬೇರೆ ಬೇರೆ ಸಿಗುತ್ತೆ. ನಿಮ್ಮ ಬ್ಯಾರಲ್‌ಗೆ ಯಾವುದು ಒಗ್ಗುತ್ತೆ ಅಂತ ಹೊಡೆದೇ ನೋಡಬೇಕು. ಕಾಗದದ ಗುರಿಗೆ ಚಪ್ಪಟೆ ತಲೆಯದು ಒಳ್ಳೇದು, ತೂತು ದುಂಡಗೆ ಕತ್ತರಿಸಿದ ಹಾಗೆ ಬೀಳುತ್ತೆ. ದೂರಕ್ಕಾದ್ರೆ ಗುಂಡು ತಲೆಯದು, ಯಾಕಂದ್ರೆ ಚಪ್ಪಟೆ ತಲೆ ಬೇಗ ವೇಗ ಕಳ್ಕೊಳ್ಳುತ್ತೆ. ಇವು ಸೀಸದ್ದು, ಮುಟ್ಟಿದ ಮೇಲೆ ಕೈ ತೊಳೆಯದೆ ತಿಂಡಿಗೆ ಕೂರಬೇಡಿ.

50 ಮೀಟರ್‌ನ .22 ರೈಫಲ್‌ನಲ್ಲೂ ಇದೇ ಕಥೆ. ಅಲ್ಲಿ ಜಾಸ್ತಿ ವೇಗದ ಗುಂಡು ಒಳ್ಳೇದು ಅಂತ ನಮಗೆ ಅನಿಸಿತ್ತು. ಆದ್ರೆ ಮ್ಯಾಚ್ ಗುಂಡುಗಳ ವೇಗವನ್ನ ಬೇಕಂತಲೇ ಸೆಕೆಂಡಿಗೆ ಸುಮಾರು 320-330 ಮೀಟರ್‌ಗೆ ಇಡ್ತಾರೆ, ಅಂದ್ರೆ ಶಬ್ದದ ವೇಗಕ್ಕಿಂತ ಕೆಳಗೆ. ಮೇಲಿಂದ ಹೊರಟು ದಾರಿಯಲ್ಲಿ ಆ ಗಡಿ ದಾಟುವ ಗುಂಡು ಅಲುಗಾಡುತ್ತೆ, ಅಡ್ಡಗಾಳಿಗೂ ಹೆಚ್ಚು ಸರಿಯುತ್ತೆ. ಈಲಿ, ಲಾಪುವಾ ಥರದ ಕಂಪನಿಗಳು ಟೆಸ್ಟ್ ರೇಂಜ್‌ಗಳನ್ನೇ ಇಟ್ಟಿವೆ. ದೊಡ್ಡ ಶೂಟರ್‌ಗಳು ಅಲ್ಲಿಗೆ ಹೋಗಿ, ರೈಫಲ್‌ನ್ನ ಕ್ಲಾಂಪ್‌ಗೆ ಬಿಗಿದು, ತಮ್ಮ ಬ್ಯಾರಲ್‌ಗೆ ಹೊಂದೋ ಲಾಟ್ ಆರಿಸಿ ತರ್ತಾರೆ.

ಇನ್ನು ನಮಗೆ ನಾಚಿಕೆ ಆದ ವಿಷಯ. ಐಎಸ್‌ಎಸ್‌ಎಫ್ ನಿಯಮದ 10 ಮೀಟರ್ ಏರ್ ರೈಫಲ್ ಮತ್ತು 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಿ ಟೆಲಿಸ್ಕೋಪ್ ಸ್ಕೋಪ್‌ಗೆ ಅವಕಾಶವೇ ಇಲ್ಲ! ಹಿಂದೆ ಸಣ್ಣ ರಂಧ್ರ, ಮುಂದೆ ಒಂದು ಉಂಗುರ, ಅಷ್ಟೇ. 10 ಮೀಟರ್ ಗುರಿಯಲ್ಲಿ 10 ಅಂಕದ ಚುಕ್ಕೆ 0.5 ಮಿ.ಮೀ. ಮಾತ್ರ. 4.5 ಮಿ.ಮೀ. ಪೆಲೆಟ್‌ನ ಅಂಚು ತಾಗಿದ್ರೂ ಲೆಕ್ಕ, ಆದ್ದರಿಂದ ಅದರ ನಡು 2.5 ಮಿ.ಮೀ. ಒಳಗಿರಬೇಕು. 2008ರ ಬೀಜಿಂಗ್ ಫೈನಲ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಹೊಡೆತಕ್ಕೆ 10.8 ತೆಗೆದದ್ದು ಹೀಗೆ ಸ್ಕೋಪ್ ಇಲ್ಲದೆ. ನಮ್ಮ ಕೊಡಗಿನವನು ನಕ್ಕ. ಕೈಲ್‌ಪೊಳ್ದ್ ಹಬ್ಬದಲ್ಲಿ ಅವನ ಅಜ್ಜ ತೆಂಗಿನಕಾಯಿಗೆ ಗುರಿ ಇಡೋದೂ ಬರಿಗಣ್ಣಲ್ಲೇ ಅಂತೆ.

ಬೇಟೆಯ ಲೆಕ್ಕ ಬೇರೆ

ಸ್ಕೋಪ್ ಅಂದ ಕೂಡಲೇ ಎಲ್ಲರಿಗೂ ಬೇಟೆ ನೆನಪಾಗುತ್ತೆ. ಬೇಟೆಗೆ ಅನುಮತಿ ಇರೋ ಜರ್ಮನಿಯಲ್ಲಿ ಮುಸ್ಸಂಜೆಗೆ 8×56 ಸ್ಕೋಪ್ ಹೆಸರುವಾಸಿ. 56ನ್ನು 8ರಿಂದ ಭಾಗಿಸಿ: 7 ಮಿ.ಮೀ., ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಅರಳೋದೂ ಸುಮಾರು ಅಷ್ಟೇ. ಅಲ್ಲಿ ಗುಂಡಿನ ಆಯ್ಕೆ ಕಾನೂನಿನ ವಿಷಯ. ಸಣ್ಣ ರೋ ಜಿಂಕೆಗೂ 100 ಮೀಟರ್‌ನಲ್ಲಿ ಗುಂಡಿಗೆ ಕನಿಷ್ಠ 1000 ಜೂಲ್ ಇರಬೇಕು, ದೊಡ್ಡ ಗೊರಸಿನ ಪ್ರಾಣಿಗೆ 2000. ಗುಂಡು ಒಳಗೆ ಹೋಗಿ ಅರಳಬೇಕು, ಪ್ರಾಣಿ ನರಳದೆ ತಕ್ಷಣ ಸಾಯಬೇಕು ಅನ್ನೋದು ಉದ್ದೇಶ. ಗುರಿಗೆ ಹೊಡೆಯೋ ಗುಂಡಿಗೆ ಅರಳೋ ಕೆಲಸ ಇಲ್ಲ, ಒಂದೇ ಥರ ಹಾರಿದ್ರೆ ಸಾಕು.

ಈಗ 0.53 ಗ್ರಾಂ ಪೆಲೆಟ್‌ನ ಲೆಕ್ಕ ಹಾಕಿ. 175 ಮೀಟರ್ ವೇಗದಲ್ಲಿ ಸುಮಾರು 8 ಜೂಲ್. ಈ ಅಂಕಿ ಬೋರ್ಡ್ ಮೇಲೆ ಬರೆದಾಗ ನಮ್ಮಲ್ಲೊಬ್ಬ ಸುಮ್ಮನಾದ. ಏಳನೇ ಕ್ಲಾಸ್ ರಜೆಯಲ್ಲಿ ಊರಲ್ಲಿ ಏರ್‌ಗನ್‌ನಿಂದ ಒಂದು ಹಕ್ಕಿಗೆ ಹೊಡೆದಿದ್ದನಂತೆ. ಅದು ಸಾಯಲಿಲ್ಲ, ಹಾರಲೂ ಇಲ್ಲ, ಬೇಲಿಯ ಕೆಳಗೆ ಸಂಜೆವರೆಗೂ ಇತ್ತು. "ಗುರಿ ಸರಿ ಇರ್ಲಿಲ್ಲ ಅಂದ್ಕೊಂಡಿದ್ದೆ" ಅಂದ. ಗುರಿಯದ್ದಲ್ಲ ತಪ್ಪು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಹಕ್ಕಿ ಹೊಡೆಯೋದು ಅಪರಾಧ. ಏರ್‌ಗನ್‌ಗೆ ಲೈಸೆನ್ಸ್ ಬೇಡ ಅಂದ್ರೆ ಹಕ್ಕಿಗೆ ಹೊಡೀಬಹುದು ಅಂತಲ್ಲ. ಅದು ಕಾಗದಕ್ಕೆ ಹೊಡೆಯೋ ಸಾಧನ.

ಹಾಗಾದ್ರೆ ಏನು ಕೊಳ್ಳೋದು?

ಶುರು ಮಾಡೋರಿಗೆ ನಮ್ಮ ಸಲಹೆ: ಮೊದಲು ಏನೂ ಕೊಳ್ಳಬೇಡಿ. ರೇಂಜ್‌ನಲ್ಲಿ ಬಾಡಿಗೆ ರೈಫಲ್ ಹಿಡಿದು, ಕಣ್ಣಿಗೆ ಕನ್ನಡಕ ಹಾಕಿ, ಕೋಚ್ ಹೇಳಿದಂತೆ ಕಲೀರಿ. ಸ್ವಂತ ರೈಫಲ್ ಬಂದಮೇಲೆ ಮೂರು-ನಾಲ್ಕು ಥರದ ಪೆಲೆಟ್ ತಂದು ಐದೈದು ಹೊಡೆದು, ಸ್ಕೇಲ್ ಇಟ್ಟು ಅಳೆದು, ಬರೆದಿಡಿ. ಚಿಕ್ಕ ಗುಂಪು ಕೊಟ್ಟದ್ದನ್ನೇ ಒಂದೇ ಲಾಟ್‌ನಲ್ಲಿ ಜಾಸ್ತಿ ತಗೊಳ್ಳಿ. ಯಾವ ಸ್ಪರ್ಧೆಗೆ ಹೋಗ್ತೀರಿ ಅಂತ ನಿಯಮ ಓದಿ. ಇಷ್ಟಾದ ಮೇಲೂ ಸ್ಕೋಪ್ ಬೇಕು ಅನಿಸಿದ್ರೆ ಪ್ಯಾರಲ್ಯಾಕ್ಸ್ ನೋಡಿ ಕೊಳ್ಳಿ.

ನಮ್ಮ ಸ್ಕೋಪ್ ಈಗ ರೈಫಲ್ ಮೇಲಿಲ್ಲ, ಹಾಸ್ಟೆಲ್‌ನಲ್ಲಿದೆ. ಹುಣ್ಣಿಮೆ ಹತ್ತಿರ ಬಂದಾಗ ಟೆರೇಸ್ ಗೋಡೆಗೆ ಒರಗಿಸಿ ಚಂದ್ರನ ಕುಳಿಗಳನ್ನ ನೋಡ್ತೀವಿ. ದೂರದಲ್ಲಿ ಇರೋದಕ್ಕೆ ಅದು ಚೆನ್ನಾಗೇ ಕೆಲಸ ಮಾಡುತ್ತೆ.