ಜಗಲ್ಚಿಯ ಮೀನುಪೇಟೆಯಲ್ಲಿ

"ಓಯಿಸೊ! ಬೊಯಿಸೊ! ಸಾಯಿಸೊ!"

ಮೂರನೆಯ ಮಾತು ಕಿವಿಗೆ ಬಿದ್ದೊಡನೆ ನನ್ನಾಕೆ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದಳು. ಸುತ್ತಲೂ ಕತ್ತಿ ಮಸೆಯುವ ಸದ್ದು ಬೇರೆ! 'ಬನ್ನಿ, ನೋಡಿ, ಕೊಳ್ಳಿ' ಎಂದಷ್ಟೇ ಅದರ ಅರ್ಥವೆಂದು ನಮ್ಮೊಡನಿದ್ದ ಕೊರಿಯದ ತರುಣ ವಿದ್ಯಾರ್ಥಿ ವಿವರಿಸಿದ ಮೇಲೆಯೇ ಆಕೆಗೆ ಸಮಾಧಾನ. ಬೂಸಾನ್ ಸೀಮೆಯ ಆಡುನುಡಿಯ ಈ ಕರೆಯೇ ಜಗಲ್ಚಿ ಮೀನುಪೇಟೆಯ ಘೋಷಣೆ.

'ಜಗಲ್' ಎಂದರೆ ಜಲ್ಲಿಕಲ್ಲು. ಹಿಂದೆ ಕಲ್ಲುದಂಡೆಯಾಗಿದ್ದ ಈ ಕಡಲಂಚಿನಲ್ಲಿ ಇಂದು ದಕ್ಷಿಣ ಕೊರಿಯದ ಅತಿ ದೊಡ್ಡ ಮೀನುಪೇಟೆಗಳಲ್ಲೊಂದು ನಿಂತಿದೆ. 2006ರಲ್ಲಿ ತೆರೆದ ಹೊಸ ಕಟ್ಟಡದ ಮಾಡು ರೆಕ್ಕೆ ಬಿಚ್ಚಿದ ಕಡಲಹಕ್ಕಿಗಳಂತಿದೆ.

ಮೀನು ಮುಟ್ಟದ ಮನೆತನದವರು ಅಲ್ಲಿಗೇಕೆ ಹೋದಿರೆಂದು ವಾಚಕರು ಕೇಳಬಹುದು. ಕುತೂಹಲವೆಂಬುದಕ್ಕೆ ಮಡಿಯಿಲ್ಲ. ನಾವು ಹೆದರಿದ್ದಷ್ಟು ನಾತವೂ ಇರಲಿಲ್ಲ; ತೊಟ್ಟಿಗಳಲ್ಲಿನ ಮೀನುಗಳೆಲ್ಲ ಇನ್ನೂ ಜೀವಂತ. ಎರಡು ಕಣ್ಣುಗಳೂ ಒಂದೇ ಮಗ್ಗುಲಲ್ಲಿರುವ ಚಪ್ಪಟೆ ಮೀನು, ಮೈತುಂಬ ಗುಳ್ಳೆಯೆದ್ದ ಕಿತ್ತಳೆ ಬಣ್ಣದ 'ಮೊಂಗೆ' — ಇದು ಜೀವಿಯೋ ಹಣ್ಣೋ ಎಂಬ ಸಂದೇಹ ನಮಗೆ. ಗಿರಾಕಿ ಬೊಟ್ಟು ಮಾಡಿದ ಮೀನನ್ನು ಅಲ್ಲಿಯೇ ಕೊಯ್ದು ಮಹಡಿಯ ಊಟದ ಮನೆಗೆ ಕಳಿಸುತ್ತಾರೆ. ಅಲ್ಲಿ ಸೊಪ್ಪು, ಕೆಂಪು ಮೆಣಸಿನ ಗೊಜ್ಜುಗಳಿಗೆ ತಲೆಗಿಷ್ಟೆಂದು ಬೇರೆ ದುಡ್ಡು. ಕತ್ತರಿಸಿದ ಮೇಲೂ ತಟ್ಟೆಯಲ್ಲಿ ಹೊರಳಾಡುವ ಅಷ್ಟಪದಿಯ ತುಂಡುಗಳನ್ನು ಎಳ್ಳೆಣ್ಣೆಯಲ್ಲಿ ಅದ್ದಿ ತಿನ್ನುವುದನ್ನು ನೋಡಲಾರದೆ ಮುಖ ತಿರುಗಿಸಿದೆ. ಅವರ ಊಟ ಅವರಿಗೆ, ನಮ್ಮ ಅಳುಕು ನಮಗೆ.

ಮಾರುವವರಲ್ಲಿ ಹೆಚ್ಚಿನವರು ರಬ್ಬರು ಬೂಟು ತೊಟ್ಟ ಹೆಂಗಸರು. ಇದಕ್ಕೊಂದು ಕಾರಣವುಂಟು. 1950ರಲ್ಲಿ ಯುದ್ಧ ಹೊತ್ತಿಕೊಂಡಾಗ ಬೂಸಾನ್ ತಾತ್ಕಾಲಿಕ ರಾಜಧಾನಿಯಾಯಿತು; ನಿರಾಶ್ರಿತರ ಪ್ರವಾಹವೇ ಇಲ್ಲಿಗೆ ಹರಿಯಿತು. ಗಂಡಂದಿರನ್ನು ಕಳೆದುಕೊಂಡ ಎಷ್ಟೋ ಹೆಂಗಸರು ಮೀನುಬುಟ್ಟಿಯ ಮುಂದೆ ಕುಳಿತರು. ಹಾವಿನಂಥ ಒಂದು ದವಡೆಯಿಲ್ಲದ ಮೀನುಂಟು. ಅದರ ತೊಗಲನ್ನಷ್ಟೇ ಬಳಸಿ ಮಾಂಸವನ್ನು ಎಸೆಯುತ್ತಿದ್ದರಂತೆ. ಹಸಿದವರು ಅದನ್ನೇ ಕೆಂಡದಲ್ಲಿ ಸುಟ್ಟು ತಿಂದರು. ಇಂದು ಅದು ಈ ಊರಿನ ಹೆಮ್ಮೆಯ ತಿನಿಸು! ಆ ವರ್ಷದ ನವೆಂಬರಿನಲ್ಲಿ ಗಾಯಾಳುಗಳ ಶುಶ್ರೂಷೆಗೆಂದು ಭಾರತದ 60ನೆಯ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಇಳಿದದ್ದೂ ಇದೇ ಬಂದರಿನಲ್ಲಿ.

ಪೇಟೆಯ ಹತ್ತಿರವೇ ಯೊಂಗ್‌ಡೊ ಸೇತುವೆ. 1934ರಲ್ಲಿ ಕಟ್ಟಿದ್ದು, ಹಡಗುಗಳಿಗೆ ದಾರಿಬಿಡಲು ಮೇಲೇಳುತ್ತಿತ್ತು. 1966ರಲ್ಲಿ ನಿಂತ ಆ ಏರಿಳಿತ 2013ರಲ್ಲಿ ಮತ್ತೆ ಮೊದಲಾಯಿತು. ದಿಕ್ಕಾಪಾಲಾಗಿ ಓಡುವಾಗ ಜನರು "ಬದುಕಿದ್ದರೆ ಯೊಂಗ್‌ಡೊ ಸೇತುವೆಯ ಬಳಿ ಸೇರೋಣ" ಎಂದು ಮಾತು ಕೊಟ್ಟು ಅಗಲಿದರು. ಕಾದು ಕಾದು ದಣಿದವರಿಗೆ ಶಕುನ ಹೇಳುವ ಜೋಯಿಸರ ಸಾಲೇ ಅದರ ಅಡಿಯಲ್ಲಿ ಬೆಳೆಯಿತು.

ಸೇತುವೆಯ ಮಗ್ಗುಲಲ್ಲಿ ಒಣಮೀನಿನ ಓಣಿ. ಅಲ್ಲೊಬ್ಬ ವೃದ್ಧೆ ಕಾಗದದಷ್ಟು ತೆಳುವಾದ ಕಪ್ಪು ಹಾಳೆಗಳನ್ನು ಜೋಡಿಸುತ್ತಿದ್ದರು. "ಇದು ಮೀನಲ್ಲ, ಕಡಲಿನ ಸೊಪ್ಪು" ಎಂದ ತರುಣ. ನನ್ನಾಕೆಯ ಮುಖ ಅರಳಿತು. ಆ ವೃದ್ಧೆ ತಾಯಿಯ ಬೆನ್ನಮೇಲೆ ಕೂಸಾಗಿ ಉತ್ತರದಿಂದ ಬಂದವರಂತೆ. ತಂದೆ ಹಿಂದಿನ ಹಡಗಿಗೆ ಬರುತ್ತೇನೆಂದಿದ್ದರು. ತಾಯಿ ಸಾಯುವತನಕ ಬೇರೆಡೆ ಅಂಗಡಿ ಹಿಡಿಯಲಿಲ್ಲ. ಇಲ್ಲಿಂದ ಸೇತುವೆ ಕಾಣುತ್ತದೆ.

"ಬಂದರೇ?" ಎಂದು ನನ್ನಾಕೆ ಕನ್ನಡದಲ್ಲಿಯೇ ಕೇಳಿಬಿಟ್ಟಳು. ತರುಣ ಅನುವಾದಿಸುವ ಮೊದಲೇ ಆ ವೃದ್ಧೆ ತಲೆಯಾಡಿಸಿದರು. ನಾವು ಮೂರು ಕಟ್ಟು ಕೊಂಡೆವು. ಹಣ ಎಣಿಸಿಕೊಂಡು, ಇನ್ನೊಂದು ಕಟ್ಟನ್ನು ಕೊಸರೆಂದು ಚೀಲಕ್ಕೆ ಹಾಕಿದರು.