‘ಶರಪಂಜರ’ದ ಕಾವೇರಿ ಕಥೆ ಇನ್ನೂ ಯಾಕೆ ಕಾಡುತ್ತೆ?

ಮಂಡ್ಯ ಜಿಲ್ಲೆಯ ಸಾಹಿತಿಗಳು ಅಂದ್ರೆ ಪಾಂಡವಪುರದ ಕಡೆ ಮೇಲುಕೋಟೆಯ ಪುತಿನ, ಕೆ.ಆರ್. ಪೇಟೆ ಕಡೆ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ. ಇಬ್ಬರೂ ಕವಿಗಳು. ಹಾಗಾದ್ರೆ ಕಾದಂಬರಿ ಬರೆದವರು?

ತ್ರಿವೇಣಿ ಇದ್ದಾರಲ್ಲ! 1928ರಲ್ಲಿ ಮಂಡ್ಯದಲ್ಲಿ ಹುಟ್ಟಿದವರು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನದ ಕವಿ ಬಿಎಂಶ್ರೀ ಅವರ ಸೋದರನ ಮಗಳು. ಓದಿದ್ದು ಮನಃಶಾಸ್ತ್ರ, ಅದು ಬರವಣಿಗೆಯಲ್ಲೂ ಕಾಣುತ್ತೆ.

ಅವರ ‘ಶರಪಂಜರ’ ಕಾದಂಬರಿಯ ಕಾವೇರಿಯನ್ನೇ ನೋಡಿ. ಹೆರಿಗೆಯಾದ ಮೇಲೆ ಮನಸ್ಸು ಕೆಡುತ್ತೆ. ಆಸ್ಪತ್ರೆ ಸೇರ್ತಾಳೆ, ವಾಸಿಯಾಗಿ ಮನೆಗೂ ಬರ್ತಾಳೆ. ಕಾಯಿಲೆ ಹೋಯ್ತು, ‘ಹುಚ್ಚಿ’ ಅನ್ನೋ ಹೆಸರು ಮಾತ್ರ ಹೋಗಲಿಲ್ಲ. ಗಂಡನೇ ಹತ್ತಿರ ಸೇರಿಸಲ್ಲ. ಇಂಥ ಕಾವೇರಿಯರು ನಮ್ಮ ಬೀದಿಗಳಲ್ಲೂ ಇದ್ದರು, ಅವರ ಕಡೆಯಿಂದ ಕಥೆ ಹೇಳೋರು ಕಮ್ಮಿ. ಓದುಗರು, ಅದರಲ್ಲೂ ಹೆಂಗಸರು, ತ್ರಿವೇಣಿಯನ್ನ ಹಚ್ಚಿಕೊಂಡಿದ್ದು ಇದಕ್ಕೇ ಅಂತ ನನಗನ್ನಿಸುತ್ತೆ. ಭಾಷೆಯೂ ಅಷ್ಟೇ, ಎಲ್ಲೂ ತಡವರಿಸದೆ ಓದಿಸಿಕೊಂಡು ಹೋಗುತ್ತೆ.

ಇದೇ ಕಾದಂಬರಿ ಆಧರಿಸಿದ ಪುಟ್ಟಣ್ಣ ಕಣಗಾಲರ ಸಿನಿಮಾ ನೋಡಿದ್ದೀನಿ, ಸಾಕು ಅನ್ನಬೇಡಿ. ಕಾವೇರಿಯಾಗಿ ಕಲ್ಪನಾ ಅಭಿನಯ ಅದ್ಭುತ, ಒಪ್ಪೋಣ. ಆದ್ರೆ ಕಾವೇರಿಯ ಒಳಮನಸ್ಸು ಪೂರ್ತಿ ಸಿಗೋದು ಪುಸ್ತಕದಲ್ಲೇ.

ಮಂಡ್ಯ ಕಡೆಯವರದ್ದೇ, ಹಳ್ಳಿ ಬದುಕಿನ ಕಾದಂಬರಿ ಬೇಕಾ? ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರ ‘ದೊಡ್ಡಮನೆ’ ಹಿಡಿಯಿರಿ.

ಮತ್ತೆ ತ್ರಿವೇಣಿಗೆ ಬಂದ್ರೆ, ಅವರು ತೀರಿಕೊಂಡಿದ್ದು 1963ರಲ್ಲಿ, 34ನೇ ವಯಸ್ಸಿಗೆ. ‘ಶರಪಂಜರ’ ಓದಿದ್ದೀರಾ ಅಂತ ಮನೆಯಲ್ಲಿ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ, ಅವರು ಹೇಳಿದ್ದನ್ನ ಕಾಮೆಂಟ್‌ನಲ್ಲಿ ಬರೀರಿ.